ಹಿತೋಪದೇಶದ ಪುಸ್ತಕಗಳೂ ಉತ್ತರ ಬಾರದ ಅರ್ಜಿಗಳೂ

ನಮ್ಮ ಊರಿನ ದೊಡ್ಡ ಪುಸ್ತಕದಂಗಡಿಗಳಲ್ಲಿ ಕಾವ್ಯಕ್ಕೆ ಒಂದು ಗೂಡು, ಕಾದಂಬರಿಗೆ ನಾಲ್ಕು ಗೂಡು ಇದ್ದರೆ, ನೌಕರಿ ಪಡೆಯುವುದು ಹೇಗೆ, ಪಡೆದದ್ದನ್ನು ಉಳಿಸಿಕೊಳ್ಳುವುದು ಹೇಗೆ, ಮೇಲಧಿಕಾರಿಯ ಮನಸ್ಸನ್ನು ಗೆಲ್ಲುವುದು ಹೇಗೆ ಎಂದು ತಿಳಿಸುವ ಗ್ರಂಥಗಳಿಗೆ ಒಂದು ಗೋಡೆಯೇ ಮೀಸಲಾಗಿರುತ್ತದೆ. ವಿಮರ್ಶೆ ಬರೆಯುವ ನಾವು ಆ ಗೋಡೆಯ ಮುಂದೆ ನಿಲ್ಲುವುದಿಲ್ಲ. ಅದು ಸಾಹಿತ್ಯವಲ್ಲ ಎಂದು ಹೇಳಿಕೊಂಡು ಮುಂದೆ ಹೋಗುತ್ತೇವೆ. ಇದು ಸರಿಯೆಂದು ನನಗೆ ತೋರುವುದಿಲ್ಲ. ಕಾವ್ಯವನ್ನು ಓದಿದ ಯಾರೂ ಮರುದಿನವೇ ತಮ್ಮ ನಡೆನುಡಿಯನ್ನು ತಿದ್ದಿಕೊಳ್ಳುವುದಿಲ್ಲ. ಈ ಪುಸ್ತಕಗಳನ್ನು ಓದಿದವರು ತಿದ್ದಿಕೊಳ್ಳುತ್ತಾರೆ. ಕೈಯಲ್ಲಿ ಪೆನ್ಸಿಲ್ ಹಿಡಿದು, ಗೆರೆ ಎಳೆದು, ಕೆಲವು ವಾಕ್ಯಗಳನ್ನು ಬಾಯಿಪಾಠ ಮಾಡಿ ಓದುತ್ತಾರೆ. ಇಷ್ಟು ಶ್ರದ್ಧೆಯ ವಾಚಕರನ್ನು ಪಡೆದ ಬರವಣಿಗೆಯನ್ನು ಒರೆಗೆ ಹಚ್ಚದೆ ಬಿಡುವುದು ವಾಚಕರಿಗೆ ಮಾಡುವ ಅನ್ಯಾಯ.

ಒರೆಗಲ್ಲು ಯಾವುದು ಎಂದರೆ ನಾನು ಒಂದನ್ನೇ ಹೇಳುತ್ತೇನೆ. ಪುಸ್ತಕದ ಮಾತನ್ನೆಲ್ಲ ಚಾಚೂ ತಪ್ಪದೆ ನಡೆಸಿ, ಆದರೂ ನೌಕರಿ ಸಿಗದೆ ಮನೆಯಲ್ಲಿ ಕುಳಿತವನು ಮತ್ತೊಮ್ಮೆ ಆ ಪುಸ್ತಕವನ್ನು ತೆರೆದರೆ, ಅದು ಅವನಿಗೆ ಏನು ಹೇಳುತ್ತದೆ? ಗೆದ್ದವನಿಗೆ ಯಾವ ಪುಸ್ತಕವಾದರೂ ಒಳ್ಳೆಯದೇ. ಸೋತವನ ಮುಂದೆ ನಿಲ್ಲಬಲ್ಲ ಪುಸ್ತಕ ಎಷ್ಟು ಎಂಬುದನ್ನು ನೋಡಬೇಕು.

ಈ ಪ್ರಕಾರದ ವಂಶಾವಳಿಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಲೀಡ್ಸ್ ನಗರದ ದುಡಿಯುವ ತರುಣರ ಮುಂದೆ ಮಾಡಿದ ಭಾಷಣಗಳಿಂದ ಬೆಳೆದ ಸ್ಯಾಮ್ಯುಯೆಲ್ ಸ್ಮೈಲ್ಸನ ‘ಸೆಲ್ಫ್ ಹೆಲ್ಪ್’ 1859ರಲ್ಲಿ ಬಂದಿತು. ಅಮೆರಿಕದ ಮಹಾ ಆರ್ಥಿಕ ಕುಸಿತದ ನಡುವೆ, 1936ರಲ್ಲಿ, ಡೇಲ್ ಕಾರ್ನೆಗಿಯ ಪುಸ್ತಕ ಬಂದಿತು. ಆದರೆ ಹಿತೋಪದೇಶಕಾರರು ಇನ್ನೂ ಹಿಂದಕ್ಕೆ ಹೋಗುತ್ತಾರೆ. ಅವರು ಮತ್ತೆ ಮತ್ತೆ ಎತ್ತಿ ತೋರಿಸುವ ಒಂದು ಓಲೆ ಉಂಟು. ಸುಮಾರು 1482ರಲ್ಲಿ, ಮೂವತ್ತರ ವಯಸ್ಸಿನ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಅಧಿಪತಿ ಲುಡೊವಿಕೊ ಸ್ಫೋರ್ಜಾನಿಗೆ ಬರೆಸಿದ ಬಿನ್ನಹ ಅದು. ಸುಲಭವಾಗಿ ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕದ ನೀರನ್ನು ಬತ್ತಿಸಬಲ್ಲೆ, ಸುರಂಗ ತೋಡಬಲ್ಲೆ, ಫಿರಂಗಿ ಎರಕ ಹೊಯ್ಯಬಲ್ಲೆ ಎಂದು ಒಂದೊಂದಾಗಿ ಎಣಿಸಿ, ಕೊನೆಗೆ ಶಾಂತಿಯ ಕಾಲದಲ್ಲಿ ಕಟ್ಟಡ, ಶಿಲ್ಪ, ಚಿತ್ರವನ್ನೂ ಮಾಡಬಲ್ಲೆ ಎನ್ನುತ್ತಾನೆ. ಜಗತ್ತಿನ ಮೊತ್ತಮೊದಲ ರೆಸ್ಯೂಮೆ ಇದು, ಧಣಿಗೆ ಬೇಕಾದುದನ್ನು ಮೊದಲು ಹೇಳಿ ನಿಮಗೆ ಪ್ರಿಯವಾದುದನ್ನು ಆಮೇಲೆ ಹೇಳಿ ಎಂಬ ಪಾಠ ಇದರಲ್ಲಿದೆ ಎಂದು ನಮ್ಮ ಉಪದೇಶಕರು ಸಂತೋಷಪಡುತ್ತಾರೆ.

ಪಾಠವೇನೋ ಸರಿ. ಆದರೆ ಓಲೆಯಲ್ಲಿ ನನ್ನ ಕಣ್ಣಿಗೆ ಬೀಳುವುದು ಬೇರೊಂದು. ಬರೆದವನಿಗೆ ಓದುವವನು ಯಾರೆಂದು ಗೊತ್ತು. ಅವನ ಹಗೆಗಳು ಯಾರು, ತಂದೆಯ ನೆನಪಿಗೆ ಒಂದು ಕಂಚಿನ ಕುದುರೆ ಮಾಡಿಸಬೇಕೆಂಬ ಅವನ ಆಸೆ ಏನು, ಎಲ್ಲವೂ ಗೊತ್ತು. ಇದರಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ ತಮ್ಮ ಉದ್ಯಾನದಲ್ಲಿಯೇ ಪರೀಕ್ಷಿಸಬಹುದು ಎಂದು ಧೈರ್ಯವಾಗಿ ಅರಿಕೆ ಮಾಡಿಕೊಳ್ಳುತ್ತಾನೆ. ಒಬ್ಬ ಮನುಷ್ಯ ಮತ್ತೊಬ್ಬ ಮನುಷ್ಯನ ಮುಖ ನೋಡಿ ಬರೆದ ಬರವಣಿಗೆ ಅದು. ಅದರ ಜೀವವಿರುವುದು ಅಲ್ಲಿ. (ಮುಂದಿನ ಕಥೆಯನ್ನು ಉಪದೇಶಕರು ಹೇಳುವುದಿಲ್ಲ. ಕುದುರೆಗೆಂದು ಕೂಡಿಸಿಟ್ಟ ಕಂಚು 1494ರಲ್ಲಿ ಫಿರಂಗಿಗಳ ಪಾಲಾಯಿತು. ಜೇಡಿಮಣ್ಣಿನ ಮಾದರಿಯನ್ನು 1499ರಲ್ಲಿ ಮಿಲಾನಿಗೆ ನುಗ್ಗಿದ ಫ್ರೆಂಚ್ ಸೈನಿಕರು ಬಾಣದ ಗುರಿಯಾಗಿ ಮಾಡಿಕೊಂಡರು. ನೌಕರಿ ಸಿಕ್ಕಿದ ಮೇಲಿನ ನಿರಾಶೆಗೂ ಲಿಯೊನಾರ್ಡೊನೇ ಮೊದಲ ಉದಾಹರಣೆ ಎನ್ನಬಹುದು.)

ಈಗಿನ ಅರ್ಜಿದಾರನಿಗೆ ಓದುಗನೇ ಇಲ್ಲ. ಜಾಹೀರಾತು ಬಂದ ದಿನವೇ ಸಾವಿರಾರು ಅರ್ಜಿಗಳು ಬಂದು ಬೀಳುತ್ತವೆ. ಅವನ್ನು ಸೋಸುವುದಕ್ಕೆ ಯಂತ್ರವಿದೆ. ಯಂತ್ರ ಹುಡುಕುವುದು ಕೆಲವು ಪದಗಳನ್ನು. ಆದ್ದರಿಂದ ಜಾಹೀರಾತಿನ ಪದಗಳನ್ನೇ ಅರ್ಜಿಯಲ್ಲಿ ಹಾಕಿ, ಎರಡು ಕಾಲಂ ಮಾಡಬೇಡಿ, ಚಿತ್ರ ಹಾಕಬೇಡಿ ಎಂದು ಹೊಸ ಪುಸ್ತಕಗಳು ಉಪದೇಶಿಸುತ್ತವೆ. ನಮ್ಮ ಬೀದಿಯ ಎಂಜಿನಿಯರಿಂಗ್ ಪದವೀಧರನೊಬ್ಬ ತನ್ನ ರೆಸ್ಯೂಮೆಯನ್ನು ಇಂಗ್ಲಿಷ್ ತಿದ್ದಿಕೊಡಿ ಎಂದು ನನ್ನ ಕೈಗೆ ಕೊಟ್ಟಿದ್ದ. ತಂದೆಗೆ ಹೊಲಿಗೆಯ ಅಂಗಡಿ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಈತನೇ ಮೊದಲಿಗ. ಓದುತ್ತ ಹೋದ ಹಾಗೆ ಒಂದು ಪರಿಚ್ಛೇದ ನನಗೆ ತಲೆಬುಡ ತಿಳಿಯಲಿಲ್ಲ. ಕ್ರಿಯಾಪದವೇ ಇಲ್ಲದ ಹದಿನೈದು ಇಪ್ಪತ್ತು ನಾಮಪದಗಳ ರಾಶಿ. ಇದರ ಅರ್ಥವೇನಪ್ಪಾ ಎಂದೆ. “ಅದು ಓದೋದಕ್ಕಲ್ಲ ಸಾರ್, ಸೋಸೋ ಯಂತ್ರಕ್ಕೆ” ಎಂದ. ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದು ಅವನಿಗೆ ಅಷ್ಟು ಸಹಜವಾಗಿಬಿಟ್ಟಿದೆ. ಸಹೃದಯನಿಲ್ಲದೆ ಕಾವ್ಯವಿಲ್ಲ ಎಂದು ನಮ್ಮ ಮೀಮಾಂಸಕರು ಹೇಳಿದ್ದರು. ಸಹೃದಯನಿರಲಿ, ಹೃದಯವೇ ಇಲ್ಲದ ವಾಚಕನಿಗಾಗಿ ನಮ್ಮ ತರುಣರು ರಾತ್ರಿ ಹಗಲು ಬರೆಯುತ್ತಿದ್ದಾರೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಯಂತ್ರ ಯೋಗ್ಯರನ್ನೂ ತಳ್ಳಿಹಾಕುತ್ತದೆ ಎಂಬುದು ನೌಕರಿ ಸಿಗದವರ ಗೊಣಗಾಟವೆಂದು ಹಿರಿಯರು ತಿಳಿಯುವುದುಂಟು. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸಂಸ್ಥೆ ಸೇರಿ ಅಮೆರಿಕ, ಬ್ರಿಟನ್, ಜರ್ಮನಿಗಳ ಉದ್ಯಮಿಗಳನ್ನು ವಿಚಾರಿಸಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 88 ಮಂದಿ ಒಪ್ಪಿಕೊಂಡದ್ದು ಇದನ್ನೇ: ಜಾಹೀರಾತಿನ ಷರತ್ತುಗಳಿಗೆ ಅಕ್ಷರಶಃ ಹೊಂದಲಿಲ್ಲವೆಂದು ಯೋಗ್ಯ, ನುರಿತ ಅರ್ಜಿದಾರರೂ ಸೋಸುವಿಕೆಯಲ್ಲಿ ಬಿದ್ದುಹೋಗುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲದಿದ್ದವನ ಅರ್ಜಿಯನ್ನು ಅಷ್ಟು ಕಾರಣಕ್ಕೇ ಬದಿಗಿಡುವ ಕಂಪನಿಗಳು ಹೆಚ್ಚುಕಡಮೆ ಅರ್ಧದಷ್ಟಿದ್ದವು. ತಾಯಿಯ ಕಾಯಿಲೆಗೋ ಹೆರಿಗೆಗೋ ಕೆಲಸ ಬಿಟ್ಟಿದ್ದ ಹೆಣ್ಣುಮಗಳು ಎಷ್ಟು ಚೆನ್ನಾಗಿ ಅರ್ಜಿ ಬರೆದರೇನು? ಮಾತು ಬಂದಿರುವುದು ನೌಕರಿ ಕೊಡುವವರ ಬಾಯಿಂದಲೇ ಎಂಬುದನ್ನು ಗಮನಿಸಬೇಕು.

ಈ ಗೋಡೆಯ ಪುಸ್ತಕಗಳೆಲ್ಲ ಒಂದೇ ತೂಕದವಲ್ಲ. ರಿಚರ್ಡ್ ಬೋಲ್ಸ್ ಎಂಬಾತನ ‘ವಾಟ್ ಕಲರ್ ಈಸ್ ಯುವರ್ ಪ್ಯಾರಶೂಟ್?’ ಎಂಬುದನ್ನು ನಾನು ಗೌರವದಿಂದ ಓದಿದ್ದೇನೆ. ಬೋಲ್ಸ್ ಪಾದ್ರಿ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಥೀಡ್ರಲ್ಲಿನಲ್ಲಿದ್ದ ಕೆಲಸವನ್ನು ಕಳೆದುಕೊಂಡ. ತನ್ನ ಹಾಗೆಯೇ ಕೆಲಸ ಕಳೆದುಕೊಳ್ಳುತ್ತಿದ್ದ ಇತರ ಪಾದ್ರಿಗಳ ಸಹಾಯಕ್ಕೆಂದು 1970ರಲ್ಲಿ ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದ. 1972ರಲ್ಲಿ ಪ್ರಕಾಶಕರೊಬ್ಬರು ಕೈಗೆತ್ತಿಕೊಂಡರು. ಆಮೇಲೆ ಒಂದು ಕೋಟಿಗೂ ಮೀರಿ ಪ್ರತಿಗಳು ಹೋದವು. 2017ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತ ಬೆಳೆಸುತ್ತ ಇದ್ದ. ಈ ಪುಸ್ತಕದ ಧಾಟಿಯೇ ಬೇರೆ. ಪೆಟ್ಟು ತಿಂದವನು ಪೆಟ್ಟು ತಿಂದವನ ಪಕ್ಕದಲ್ಲಿ ಕುಳಿತು ಆಡುವ ಮಾತು. ನೌಕರಿ ಹುಡುಕುವ ಪದ್ಧತಿಯೇ ಒರಟು, ಅದು ಅನೇಕರನ್ನು ಸೋಲಿಸುತ್ತದೆ ಎಂದು ಮೊದಲ ಪುಟಗಳಲ್ಲಿಯೇ ಹೇಳಿ, ನೂರಾರು ಕಡೆ ಕುರುಡಾಗಿ ಅರ್ಜಿ ಹಾಕುವುದಕ್ಕಿಂತ, ನಿನಗೆ ಏನು ಬರುತ್ತದೆ ಎಂದು ಮೊದಲು ತಿಳಿದುಕೊಂಡು, ಆ ಕೆಲಸ ನಡೆಯುವ ಸ್ಥಳಕ್ಕೆ ಹೋಗಿ, ಅದನ್ನು ಮಾಡುತ್ತಿರುವವರನ್ನು ಕಂಡು ಮಾತಾಡು ಎನ್ನುತ್ತಾನೆ. ಅರ್ಜಿಗೆ ಮತ್ತೆ ಒಂದು ಮುಖವನ್ನು ಹುಡುಕಿಕೊಡುವ ಪ್ರಯತ್ನ ಇದು. ನನ್ನ ಒರೆಗಲ್ಲಿನ ಮೇಲೆ ಬಂಗಾರದ ಗೆರೆ ಮೂಡಿಸಿದ ಕೆಲವೇ ಪುಸ್ತಕಗಳಲ್ಲಿ ಇದೂ ಒಂದು.

ಹಾಗಿದ್ದರೂ ಒಂದು ಕೊರತೆ ಉಳಿಯುತ್ತದೆ. ಹೋಗಿ ಕಂಡು ಮಾತಾಡಲು ಒಳಗೆ ಬಿಡುವವರು ಬೇಕಲ್ಲ! ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದ 282 ಮಂದಿ ಗಂಡಸರನ್ನು ವಿಚಾರಿಸಿ, ಅರ್ಧಕ್ಕಿಂತ ಹೆಚ್ಚು ಮಂದಿ ಪರಿಚಯಸ್ಥರ ಮೂಲಕವೇ ಕೆಲಸ ಪಡೆದರೆಂದು 1974ರ ತನ್ನ ಗ್ರಂಥದಲ್ಲಿ ತೋರಿಸಿದ. ಅದರಲ್ಲಿಯೂ ನೆರವಾದವರು ಆಪ್ತ ಗೆಳೆಯರಲ್ಲ. ಎಂದಾದರೊಮ್ಮೆ ಸಿಗುವ ದೂರದ ಪರಿಚಯದವರು. ಹೊಸ ಪುಸ್ತಕಗಳು ಇದಕ್ಕೆ ‘ನೆಟ್‌ವರ್ಕಿಂಗ್’ ಎಂದು ಹೆಸರಿಟ್ಟು ಒಂದು ಕಲೆಯನ್ನಾಗಿ ಕಲಿಸುತ್ತವೆ. ನಮ್ಮಲ್ಲಿ ಇದರ ಹೆಸರು ವಶೀಲಿ; ಅದನ್ನು ನಾವು ಯಾವಾಗಲೂ ಸ್ವಲ್ಪ ನಾಚಿಕೆಯಿಂದಲೇ ಉಚ್ಚರಿಸುತ್ತಿದ್ದೆವು. ಹೊಲಿಗೆಯವರ ಮಗನಿಗೆ ದೂರದ ಪರಿಚಯದವರು ಎಂದರೆ ಯಾರು? ತಂದೆಯ ಗಿರಾಕಿಗಳು.

ಇದಕ್ಕಿಂತ ನೋವಿನ ಸಂಗತಿಯೂ ಉಂಟು. ಹೆಸರನ್ನು ಮೇಲ್ಗಡೆ ದಪ್ಪಕ್ಷರದಲ್ಲಿ ಬರೆಯಿರಿ ಎಂಬುದು ಈ ಪುಸ್ತಕಗಳ ಮೊದಲ ಪಾಠ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2005ರ ಅಕ್ಟೋಬರ್‌ನಿಂದ 66 ವಾರಗಳ ಕಾಲ ನಮ್ಮ ದೇಶದ ಇಂಗ್ಲಿಷ್ ದಿನಪತ್ರಿಕೆಗಳ ನೌಕರಿ ಜಾಹೀರಾತುಗಳಿಗೆ 4,800ಕ್ಕೂ ಹೆಚ್ಚು ಅರ್ಜಿಗಳನ್ನು ಕಳಿಸಿದರು. ಯೋಗ್ಯತೆ ಸಮಾನ, ಹೆಸರು ಮಾತ್ರ ಬೇರೆ. ಮೇಲ್ಜಾತಿಯದೆಂದು ತೋರುವ ಹೆಸರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲಿನಷ್ಟು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲಿನಷ್ಟು ಸಂಭವ ಮಾತ್ರ ಇತ್ತು. 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಇದು ಪ್ರಕಟವಾಯಿತು. ಇಲ್ಲಿ ಜರಡಿ ಹಿಡಿದದ್ದು ಯಂತ್ರವಲ್ಲ, ನಮ್ಮಂಥವರೇ. ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಕೈ ಕುಲುಕುವಾಗ ಗಟ್ಟಿಯಾಗಿ ಹಿಡಿಯಿರಿ ಎಂಬ ಬೋಧನೆ ಕೈ ಕುಲುಕುವವರೆಗೆ ತಲುಪಲಾರದವನಿಗೆ ಏನು ಮಾಡೀತು? ಈ ವಿಷಯಕ್ಕೆ ಒಂದು ಪುಟವನ್ನಾದರೂ ಮೀಸಲಿಟ್ಟ ಉಪದೇಶ ಗ್ರಂಥ ನನ್ನ ಕೈಗೆ ಇನ್ನೂ ಬಂದಿಲ್ಲ.

ಇನ್ನು ಈ ಪ್ರಕಾರದ ಕನಿಷ್ಠ ಮಾದರಿ. ಸ್ಪೆನ್ಸರ್ ಜಾನ್ಸನ್ 1998ರಲ್ಲಿ ಬರೆದ ‘ಹೂ ಮೂವ್ಡ್ ಮೈ ಚೀಸ್?’ ಒಂದು ಗಂಟೆಯಲ್ಲಿ ಓದಿ ಮುಗಿಸಬಹುದಾದ ನೀತಿಕಥೆ. ಜಟಿಲ ದಾರಿಗಳ ಒಂದು ಚಕ್ರವ್ಯೂಹದಲ್ಲಿ ಎರಡು ಇಲಿ, ಇಬ್ಬರು ಪುಟ್ಟ ಮನುಷ್ಯರು. ಒಂದು ದಿನ ಗಿಣ್ಣು ಇದ್ದ ಜಾಗದಲ್ಲಿ ಗಿಣ್ಣಿಲ್ಲ. ಇಲಿಗಳು ತಡಮಾಡದೆ ಬೇರೆ ಗಿಣ್ಣು ಹುಡುಕಿಕೊಂಡು ಹೋಗುತ್ತವೆ. ಇದು ಅನ್ಯಾಯವೆಂದು ಕೂಗಾಡುತ್ತ ಕುಳಿತ ಮನುಷ್ಯ ಹಸಿದುಕೊಂಡಿರುತ್ತಾನೆ. ಕಂಪನಿಗಳು ಇದನ್ನು ಸಗಟಾಗಿ ಕೊಂಡು ನೌಕರರಿಗೆ ಹಂಚಿದವು. ಪಂಚತಂತ್ರವನ್ನು ಕಟ್ಟಿದ ದೇಶದವರಾದ ನಮಗೆ ಪ್ರಾಣಿಕಥೆ ಹೊಸದಲ್ಲ. ಅಲ್ಲಿ ಸಿಂಹವೂ ಒಂದು ಪಾತ್ರ. ಮೊಲ ಬುದ್ಧಿ ಉಪಯೋಗಿಸುವುದು ಸಿಂಹದ ಮೇಲೆ. ಜಾನ್ಸನ್ನನ ಕಥೆಯಲ್ಲಿ ಸಿಂಹವೇ ಇಲ್ಲ. ಪುಸ್ತಕದ ಹೆಸರೇ ಒಂದು ಪ್ರಶ್ನೆ: ಗಿಣ್ಣನ್ನು ಸರಿಸಿದವರು ಯಾರು? ಕೊನೆಯ ಪುಟದವರೆಗೂ ಗ್ರಂಥಕರ್ತ ಅದಕ್ಕೆ ಉತ್ತರ ಹೇಳುವುದಿಲ್ಲ. ಕೇಳಿದವನನ್ನು ಮೂರ್ಖನೆಂದು ತೋರಿಸುತ್ತಾನೆ. ತನ್ನ ಶೀರ್ಷಿಕೆಗೇ ದ್ರೋಹ ಬಗೆದ ಕೃತಿ ಇಷ್ಟು ಮಾರಾಟವಾದದ್ದು ಆಶ್ಚರ್ಯವೇನಲ್ಲ. ಕೊಳ್ಳುವವರು ಗಿಣ್ಣು ಸರಿಸಿದವರೇ ಆಗಿದ್ದರು.

ಆ ಪ್ರಶ್ನೆಗೆ ಉತ್ತರ ಹುಡುಕಿದ ಎರಡು ಪುಸ್ತಕಗಳನ್ನು ನಾನು ಈ ಗೋಡೆಯಲ್ಲಿಯೇ ಇಡಬೇಕೆಂದು ಬಯಸುತ್ತೇನೆ. ಒಂದು, ಅಮೆರಿಕದ ಬಾರ್ಬರಾ ಎಹ್ರನ್‌ರೈಕ್ 2005ರಲ್ಲಿ ಪ್ರಕಟಿಸಿದ ‘ಬೈಟ್ ಅಂಡ್ ಸ್ವಿಚ್’. ಪ್ರಸಿದ್ಧ ಲೇಖಕಿಯಾದ ಆಕೆ ತನ್ನ ತವರಿನ ಹೆಸರಿನಲ್ಲಿ, ಪ್ರಚಾರ ವಿಭಾಗದ ನೌಕರಿ ಬೇಕಾದವಳಂತೆ ತಿಂಗಳುಗಟ್ಟಲೆ ಅಲೆದಳು. ದುಡ್ಡು ಕೊಟ್ಟು ಸಲಹೆಗಾರರನ್ನು ಇಟ್ಟುಕೊಂಡಳು, ಸ್ವಭಾವ ಪರೀಕ್ಷೆಗಳಿಗೆ ಕುಳಿತಳು, ಉಡುಪನ್ನೂ ಮುಖಾಲಂಕಾರವನ್ನೂ ತಿದ್ದಿಸಿಕೊಂಡಳು. ಕೊನೆಗೆ ಸಿಕ್ಕಿದ್ದು ಸಂಬಳವಿಲ್ಲದೆ, ಕಮಿಷನ್ ಮೇಲೆ ವಿಮೆ ಮತ್ತು ಸೌಂದರ್ಯಸಾಧನಗಳನ್ನು ಮಾರುವ ಅವಕಾಶ. ನಾನು ಹೇಳಿದ ಒರೆಗಲ್ಲನ್ನು ಆಕೆ ತನ್ನ ಮೈಮೇಲೆಯೇ ಉಜ್ಜಿಕೊಂಡು ನೋಡಿದಳು. ಸಲಹೆಗಾರರ ವಾದದ ಒಳಗುಟ್ಟು ಆಕೆಗೆ ತಿಳಿಯಿತು: ಸೋಲಿಗೆ ನೀನೇ ಕಾರಣ ಎಂದು ಒಪ್ಪಿಸಿಬಿಟ್ಟರೆ, ಮುಂದಿನ ತಿಂಗಳ ಸಲಹೆಯ ಶುಲ್ಕವೂ ನಿನ್ನಿಂದಲೇ ಬರುತ್ತದೆ. ಜೊತೆಯಲ್ಲಿ ಅಲೆಯುತ್ತಿದ್ದ ನಿರುದ್ಯೋಗಿಗಳ ಬಗೆಗೆ ಅಲ್ಲಲ್ಲಿ ಆಕೆ ಆಡುವ ಹಾಸ್ಯ ನನಗೆ ಹಿಡಿಸಲಿಲ್ಲ. ತಿರುಗಿ ಹೋಗಲು ಒಂದು ಹೆಸರೂ ಮನೆಯೂ ಇದ್ದವರ ನಗು ಅದು. ಆದರೂ ಪುಸ್ತಕ ಪ್ರಾಮಾಣಿಕ.

ಇನ್ನೊಂದು ನಮ್ಮದೇ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂತು. ಮುಂಬಯಿಯ ಕಂಪನಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದ ನಾಗಪ್ಪನನ್ನು ಇದ್ದಕ್ಕಿದ್ದಂತೆ ಅಮಾನತ್ತಿನಲ್ಲಿಡುತ್ತಾರೆ. ಏಕೆಂದು ಅವನಿಗೆ ತಿಳಿಯದು. ತಿಳಿಯದ್ದರಿಂದ ತನ್ನ ಬದುಕನ್ನೆಲ್ಲ ಬಗೆದು ತಪ್ಪು ಹುಡುಕತೊಡಗುತ್ತಾನೆ. ಅಸ್ತಿತ್ವದ ಕಾದಂಬರಿ ಎಂದು ಇದನ್ನು ನಾವು ಬಹಳ ಚರ್ಚಿಸಿದ್ದೇವೆ. ಕಚೇರಿಯ ಕಾದಂಬರಿ ಎಂದು ಸಾಕಷ್ಟು ಓದಲಿಲ್ಲ. ಚಿತ್ತಾಲರು ತಾವೇ ಮುಂಬಯಿಯ ಉದ್ಯಮದಲ್ಲಿ ತಂತ್ರಜ್ಞರಾಗಿ ದುಡಿದವರು. ಒಂದು ಕಾಗದ, ಒಂದು ಫೋನು, ಒಬ್ಬ ಸಹೋದ್ಯೋಗಿಯ ಮೌನ, ಇವು ಮನುಷ್ಯನನ್ನು ಒಳಗಿನಿಂದ ಹೇಗೆ ಕೊರೆಯುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಇಂದಿನ ತರುಣ ಸಂದರ್ಶನ ಕೊಟ್ಟು ಬಂದು, ವಾರಗಟ್ಟಲೆ ಉತ್ತರವಿಲ್ಲದೆ, ಯಾವ ಪ್ರಶ್ನೆಗೆ ತಪ್ಪು ಹೇಳಿದೆನೋ ಎಂದು ರಾತ್ರಿ ಹೊರಳಾಡುತ್ತಾನಲ್ಲ, ಅವನು ನಾಗಪ್ಪನ ತಮ್ಮ. ಕಾರಣ ಹೇಳದವರು ಕಾರಣ ಹುಡುಕುವ ಕೆಲಸವನ್ನೂ ಬಲಿಯಾದವನ ತಲೆಗೇ ಕಟ್ಟುತ್ತಾರೆ ಎಂಬುದನ್ನು ಇಷ್ಟು ಆಳವಾಗಿ ಹೇಳಿದ ಉದ್ಯೋಗ ಮಾರ್ಗದರ್ಶಿ ನಾನು ಕಂಡಂತೆ ಇನ್ನೊಂದಿಲ್ಲ.

ಹಾಗಾದರೆ ಸಲಹೆಯೇ ಬೇಡವೆ? ಬೇಕು. ಆದರೆ ನಮ್ಮ ಉಪದೇಶಕರು ಬರೆಯುವುದನ್ನು ಮಾತ್ರ ಕಲಿಸುತ್ತಾರೆ, ಓದುವುದನ್ನು ಕಲಿಸುವುದಿಲ್ಲ. ಎದುರು ಪಕ್ಷದವರು ಬರೆದ ಕಾಗದ, ಅಂದರೆ ನೇಮಕಾತಿ ಪತ್ರ, ಅದರಷ್ಟು ಅಜಾಗರೂಕತೆಯಿಂದ ಓದಿಸಿಕೊಂಡ ಪಠ್ಯ ಬೇರೊಂದಿಲ್ಲ. ಸಿಹಿ ಹಂಚುವ ಗಡಿಬಿಡಿಯಲ್ಲಿ ಸಂಬಳದ ಅಂಕಿ ಒಂದನ್ನು ಬಿಟ್ಟು ಮಿಕ್ಕದ್ದನ್ನು ಯಾರು ನೋಡುತ್ತಾರೆ? 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಿಂದ 300ಕ್ಕೂ ಹೆಚ್ಚು ಮಂದಿ ತರಬೇತಿಯ ನೌಕರರನ್ನು ಹೊರಕಳಿಸಲಾಯಿತು. ಮೂರು ಬಾರಿ ಅವಕಾಶ ಕೊಟ್ಟರೂ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಈ ಷರತ್ತು ಕರಾರಿನಲ್ಲಿಯೇ ಇದೆ ಎಂಬುದು ಕಂಪನಿಯ ಸಮರ್ಥನೆ. ನೌಕರರ ಸಂಘದವರು ಇದನ್ನು ಒಪ್ಪದೆ ದೂರು ಕೊಟ್ಟರು. ನ್ಯಾಯ ಯಾರ ಕಡೆ ಎಂಬ ಚರ್ಚೆ ಬೇರೆ. ಆ ಷರತ್ತನ್ನು ಸಹಿ ಹಾಕುವ ದಿನ ಯಾರಾದರೂ ಗಟ್ಟಿಯಾಗಿ ಓದಿ ಹೇಳಿದ್ದರೆ, ಹುಡುಗರು ಆ ತರಬೇತಿಯನ್ನು ಕಾಲೇಜಿನ ಮುಂದುವರಿಕೆಯೆಂದು ಭಾವಿಸುತ್ತಿರಲಿಲ್ಲ.

ಅದೇ ವರ್ಷದ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ವಿಜಯಾ ಬ್ಯಾಂಕಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಪ್ರತಿ ಪದವೀಧರನೂ ತಿಳಿದಿರಬೇಕು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಬಾಂಡಿನ ಷರತ್ತು ಆ ಪ್ರಕರಣದಲ್ಲಿ ಊರ್ಜಿತವೆಂದು ನ್ಯಾಯಾಲಯ ಹೇಳಿತು. ‘ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲೋದಿಲ್ಲ ಬಿಡಿ’ ಎಂದು ಕಾಫಿ ಹೋಟೆಲಿನಲ್ಲಿ ಧೈರ್ಯ ಹೇಳುವವರು ಇನ್ನು ಮೇಲೆ ಸ್ವಲ್ಪ ನಿಧಾನಿಸುವುದು ಒಳಿತು. ನಮ್ಮ ಬೀದಿಯ ಹುಡುಗನಿಗೆ ನಾನು ಹೇಳಿದ್ದು ಇದನ್ನು: ರೆಸ್ಯೂಮೆಗೆ ಕೊಟ್ಟ ಸಮಯದ ಕಾಲು ಭಾಗವನ್ನು ಬಾಂಡು, ನೋಟೀಸಿನ ಅವಧಿ, ಪ್ರೊಬೆಷನ್ ಈ ಮೂರು ಪರಿಚ್ಛೇದಗಳಿಗೆ ಕೊಡು, ತಿಳಿಯದಿದ್ದರೆ ಸಹಿ ಹಾಕುವ ಮೊದಲು ಲಿಖಿತವಾಗಿ ಕೇಳು, ಕೇಳಿದ್ದಕ್ಕೇ ಕೋಪಿಸಿಕೊಳ್ಳುವವರು ಮುಂದೆ ಹೇಗೆ ನಡೆಸಿಕೊಳ್ಳುತ್ತಾರೆಂಬುದಕ್ಕೆ ಅದೇ ಮುನ್ನುಡಿ.

ಎದುರು ಪಕ್ಷದ ಮೌನವನ್ನೂ ಕಾಯಿದೆಯಿಂದ ಮುರಿಯಬಹುದು ಎಂಬುದಕ್ಕೆ ಕೆನಡಾದ ಒಂಟಾರಿಯೋ ಪ್ರಾಂತ್ಯ ಒಂದು ನಿದರ್ಶನ. 2026ರ ಜನವರಿ 1ರಿಂದ ಅಲ್ಲಿ 25 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಜಾಹೀರಾತಿನಲ್ಲಿ ಸಂಬಳದ ಮಿತಿಯನ್ನು ತಿಳಿಸಬೇಕು, ಅರ್ಜಿ ಸೋಸಲು ಕೃತಕ ಬುದ್ಧಿಮತ್ತೆ ಬಳಸಿದರೆ ಹೇಳಬೇಕು, ಹುದ್ದೆ ನಿಜವಾಗಿ ಖಾಲಿ ಇದೆಯೇ ಎಂಬುದನ್ನೂ ಹೇಳಬೇಕು. ಸಂದರ್ಶನಕ್ಕೆ ಬಂದವರಿಗೆ 45 ದಿನಗಳೊಳಗೆ ತೀರ್ಮಾನವನ್ನು ತಿಳಿಸಲೇಬೇಕು. ಸಿಗಲಿಲ್ಲ ಎಂಬ ಒಂದು ಸಾಲು ಬಂದರೆ ನೌಕರಿ ಸಿಕ್ಕಂತಾಗುವುದಿಲ್ಲ, ನಿಜ. ಆದರೆ ಕಾಯುವುದು ನಿಲ್ಲುತ್ತದೆ.

ಕನ್ನಡದಲ್ಲಿ ಈ ಬಗೆಯ ಪುಸ್ತಕಗಳು ವರ್ಷ ವರ್ಷ ಬರುತ್ತಿವೆ. ನಾನು ಓದಿದವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಛಾಯೆ. ನ್ಯೂಯಾರ್ಕಿನ ಅಧಿಕಾರಿ ಹೇಳಿದ ಮಾತನ್ನು ಹಾವೇರಿಯ ಹುಡುಗಿಗೆ ಹಾಗೆಯೇ ಹೇಳುತ್ತವೆ. ಟೈ ಕಟ್ಟುವ ಕ್ರಮಕ್ಕೆ ಎರಡು ಪುಟ, ಪಿ.ಎಫ್. ಲೆಕ್ಕಕ್ಕೆ ಒಂದು ಸಾಲೂ ಇಲ್ಲ. ಕಾರ್ಮಿಕ ಕಾಯಿದೆ ಬಲ್ಲ ಒಬ್ಬ ವಕೀಲರು, ಕಂಪನಿಯ ನೇಮಕಾತಿ ವಿಭಾಗದಲ್ಲಿ ಕೂದಲು ನರೆಸಿಕೊಂಡು ನಿವೃತ್ತರಾದ ಒಬ್ಬರು, ಎರಡು ವರ್ಷ ಅರ್ಜಿ ಹಾಕಿ ಹಾಕಿ ಬೇಸತ್ತ ಒಬ್ಬ ಪದವೀಧರೆ, ಈ ಮೂವರು ಕೂಡಿ ಒಂದು ಪುಸ್ತಕ ಬರೆದರೆ, ಅದನ್ನು ಈ ಪುಟಗಳಲ್ಲಿ ಕಾದಂಬರಿಗಳ ಜೊತೆಯಲ್ಲಿಯೇ ವಿಮರ್ಶಿಸಲು ನಾನು ಸಿದ್ಧ. ಬೆನ್ನಟ್ಟಿ ಬರೆಸುವ ಪ್ರಕಾಶಕರೊಬ್ಬರು ಬೇಕು.